ಹೊರಟ್ವಿ ಎಂಬ ಭೂತಕಾಲ

ಆ ಧ್ವನಿಮುದ್ರಣ ಈಗ ಎಲ್ಲೂ ಇಲ್ಲ. ಅದರಲ್ಲಿ ಯಾರ ಮಾತಿತ್ತೋ ಅವರೇ ಬರೆದು ಕೇಳಿಕೊಂಡಿದ್ದರಿಂದ, ನವೆಂಬರ್ ತಿಂಗಳ ಒಂದು ಮಧ್ಯಾಹ್ನ ನಾನೂ ನನ್ನ ಪ್ರೊಫೆಸರೂ ಅಕ್ಕಪಕ್ಕ ಕುಳಿತು ಅದನ್ನು ವಿಶ್ವವಿದ್ಯಾಲಯದ ಸರ್ವರಿನಿಂದ ಅಳಿಸಿದೆವು. ಅದರ ಕೊನೆಯ ಹನ್ನೊಂದು ನಿಮಿಷ ಮಾತ್ರ ನನ್ನ ತಲೆಯಿಂದ ಅಳಿಯುತ್ತಿಲ್ಲ. ಟ್ರಾಮಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ ತಾನಾಗಿ ಶುರುವಾಗುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ ನಾನು ತಲೆಯಾಡಿಸಿ "ಹೂಂ" ಎನ್ನುತ್ತೇನೆ. ಅವತ್ತು ನಾನು ಅಂದದ್ದೂ ಅಷ್ಟೇ. ಇದನ್ನು ಬರೆಯಲು ಆ ಹಿರಿಯರ ಒಪ್ಪಿಗೆ ಇದೆ. ಹೆಸರು, ಬೀದಿ, ಕೆಲಸ ಮಾಡಿದ ಕಂಪನಿ ಬೇಡ ಎಂದಿದ್ದಾರೆ.

ನನ್ನ ಕೆಲಸ ಇಷ್ಟು. ಜರ್ಮನಿಯ ಕಲೋನ್‌ನ ಒಂದು ಸಂಶೋಧನಾ ಗುಂಪಿನಲ್ಲಿ ನಾನು ಸಹಾಯಕಿ. ದಶಕಗಳ ಹಿಂದೆ ಬೇರೆ ದೇಶಗಳಿಂದ ಬಂದು ಇಲ್ಲೇ ಮುದುಕರಾದವರಿಂದ ಅವರ ಜೀವನದ ಕಥೆಯನ್ನು ಅವರವರ ಭಾಷೆಯಲ್ಲೇ ಹೇಳಿಸಿ, ದಾಖಲಿಸಿ, ಅಳೆಯುವುದು. ವ್ಯಕ್ತಿತ್ವ ಹದಿಹರೆಯದಲ್ಲೇ ಮುಗಿದುಹೋಗುವುದಿಲ್ಲ, ಒಂದೊಂದು ವಯಸ್ಸು ಒಂದೊಂದು ಪ್ರಶ್ನೆಯನ್ನು ಮುಂದಿಡುತ್ತದೆ ಎನ್ನುವ ಸಿದ್ಧಾಂತ ನಮ್ಮ ಅಧ್ಯಯನದ ಬುನಾದಿ. ಈ ಜಗತ್ತನ್ನು ನಂಬಬಹುದೇ ಎಂಬುದು ಹಸುಗೂಸಿನ ಪ್ರಶ್ನೆ. ನಾನು ಯಾರು ಎಂಬುದು ಹದಿಹರೆಯದ್ದು. ಯಾರ ಜೊತೆ ಎಂದು ಯೌವನ ಕೇಳುತ್ತದೆ, ಯಾರಿಗಾಗಿ ಎಂದು ನಡುವಯಸ್ಸು. ಕೊನೆಗೆ ಮುಪ್ಪು ತಿರುಗಿ ನೋಡಿ, ಆದದ್ದೆಲ್ಲ ಸರಿಯಾಗಿಯೇ ಆಯಿತೇ ಎನ್ನುತ್ತದೆ. ಹೌದು ಎನ್ನುವವರನ್ನು ಸಮಗ್ರತೆಯ ಕಡೆಗೆ, ಇಲ್ಲ ಎನ್ನುವವರನ್ನು ಹತಾಶೆಯ ಕಡೆಗೆ ನಾವು ಅಂಕ ಹಾಕಿ ನಿಲ್ಲಿಸುತ್ತೇವೆ.

ಕನ್ನಡದ ಸಂದರ್ಶನಗಳು ನನ್ನ ಪಾಲು. ಆ ಹಿರಿಯರು ನನ್ನ ಪಟ್ಟಿಯಲ್ಲಿ ಆರನೆಯವರು. ಎಪ್ಪತ್ತೆಂಟು ವಯಸ್ಸು, ಹಾಸನದ ಕಡೆಯವರು, ಸ್ಟುಟ್‌ಗಾರ್ಟ್‌ನಲ್ಲಿ ವಾಹನಗಳ ಬ್ರೇಕ್ ಮಾಡುವ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಹೆಂಡತಿಗೆ ಐದು ವರ್ಷಗಳಿಂದ ಮರೆವಿನ ಕಾಯಿಲೆ.

ಸೆಪ್ಟೆಂಬರಿನಲ್ಲಿ ಮೊದಲ ಸಲ ಹೋದೆ. ಸ್ಟಾಟ್‌ಬಾನ್ ಎನ್ನುವ ಊರೊಳಗಿನ ರೈಲು ಇಳಿದು ಗುಡ್ಡದ ಮೆಟ್ಟಿಲು ಹತ್ತಿದರೆ ಮೇಲಿನ ಬೀದಿಯಲ್ಲಿ ಅವರ ಮನೆ. ಬಾಗಿಲಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು.

"ಹನ್ನೆರಡು ನಿಮಿಷ ಲೇಟು ಕಣಮ್ಮ. ಈ ದೇಶಕ್ಕೆ ಬಂದು ಎಷ್ಟು ವರ್ಷ ಆಯ್ತು ನೀನು?"

"ಏಳು, ಅಂಕಲ್."

"ಹಂಗಾದ್ರೆ ತಪ್ಪು ನಿಂದಲ್ಲ, ಟ್ರೇನಿಂದು. ಇಲ್ಲಿನ ಟ್ರೇನುಗಳು ಈಗ ನಮ್ಮೂರ ಬಸ್ಸಾಗಿ ಹೋಗಿವೆ. ಬಾ, ಚಪ್ಪಲಿ ಒಳಗೇ ಬಿಡು."

ಮನೆಯ ತುಂಬ ಚೀಟಿಗಳಿದ್ದವು. ಬಿಳಿ ಕಾಗದ, ಕಪ್ಪು ಮಾರ್ಕರ್, ಯಂತ್ರದ ನಕ್ಷೆಗೆ ಬರೆಯುವಂಥ ನೇರ ಅಕ್ಷರ, ಎಲ್ಲ ಕನ್ನಡದಲ್ಲಿ. ಬಾಗಿಲು. ಬಚ್ಚಲು. ಬಿಸಿ, ಮುಟ್ಟಬೇಡ. ಹಜಾರದ ಕನ್ನಡಿಯ ಮೇಲೆ ಒಂದು: ಇದು ನೀನೇ, ಹೆದರಬೇಡ.

ಅವರ ಹೆಂಡತಿ ಮೂವತ್ತು ವರ್ಷ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಜರ್ಮನ್‌ನಲ್ಲೇ ದುಡಿದವರು. ಮೊದಲು ಹೋದದ್ದು ಆ ಜರ್ಮನ್. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅದು ಪೂರ್ತಿ ಹೋಗಿ, ಕನ್ನಡ ಮಾತ್ರ ಉಳಿದಿತ್ತು. ನನ್ನನ್ನು ಕಂಡಕೂಡಲೇ ಮುಖ ಅರಳಿತು.

"ಬಂದ್ಯೇನೇ? ನಿನ್ನ ರೂಮ್ ನಂಬರ್ ಎಷ್ಟು ಕೊಟ್ರು?"

ಹಿರಿಯರು ನನ್ನ ಹಿಂದೆ ನಿಂತು ಮೆಲ್ಲಗೆ, "ಹಾಸ್ಟೆಲ್ ಅನ್ಕೊಂಡಿದಾಳೆ. ಹದಿನಾಲ್ಕು ಅನ್ನು," ಎಂದರು.

"ಹದಿನಾಲ್ಕು, ಆಂಟಿ."

"ಆಂಟಿ ಅಂತೀಯಲ್ಲೇ, ನಾನೇನು ನಿಂಗಿಂತ ದೊಡ್ಡೋಳಾ? ಹದಿನಾಲ್ಕು ಅಂದ್ರೆ ವಾರ್ಡನ್ ಪಕ್ಕದ್ದು. ಪಾಪ." ಆಮೇಲೆ ಹತ್ತಿರ ಸರಿದು ಕೇಳಿದರು, "ಆ ಕನ್ನಡಕದೋರು ಯಾರೇ? ದಿನಾ ಊಟ ಹಾಕ್ತಾರೆ, ಒಳ್ಳೇ ಜನ. ಆದ್ರೆ ಅವ್ರ ಮನೆಗೆ ಹೋಗೋದೇ ಇಲ್ಲ ನೋಡು."

ಕನ್ನಡಕದವರು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಕೇಳಿಸಿತೋ ಇಲ್ಲವೋ ಬೆನ್ನಿನಿಂದ ಗೊತ್ತಾಗಲಿಲ್ಲ.

ನಮ್ಮ ಸಂದರ್ಶನಕ್ಕೆ ಎರಡು ಭಾಗ. ಮೊದಲನೆಯದರಲ್ಲಿ ಬದುಕನ್ನು ಒಂದು ಪುಸ್ತಕ ಎಂದುಕೊಂಡು ಅಧ್ಯಾಯಗಳಾಗಿ ಭಾಗ ಮಾಡಬೇಕು, ಪ್ರತಿ ಅಧ್ಯಾಯಕ್ಕೂ ಹೆಸರಿಡಬೇಕು. ಅವರು ಏಳು ಹೇಳಿದರು: ಹಾಸನ, ಹಾಸ್ಟೆಲ್ ಸಾರು, ಹಿಮ, ಅವಳು, ಬ್ರೇಕು, ಗುಡ್ಡದ ಮನೆ, ಚೀಟಿ. ಒಂದೊಂದಕ್ಕೂ ಎಂಟೋ ಹತ್ತೋ ನಿಮಿಷ, ಎಲ್ಲೂ ಉದ್ದ ಇಲ್ಲ, ಎಲ್ಲೂ ತಡವರಿಕೆ ಇಲ್ಲ. ಮಕ್ಕಳ ಬಗ್ಗೆ ಕೇಳಿದಾಗ, "ನಾನು ಯಾರಿಗೂ ಅಪ್ಪ ಅಲ್ಲ. ಆದ್ರೆ ಈ ಊರಲ್ಲಿ ಎಷ್ಟೋ ಕಾರು ಸರಿಯಾದ ಜಾಗದಲ್ಲಿ ನಿಲ್ತಾವಲ್ಲ, ಅದಕ್ಕೆ ನಾನು ಜವಾಬ್ದಾರ," ಎಂದರು. ನಾನು ಹಾಳೆಯ ಒಂದು ಕಾಲಂ ಬಿಟ್ಟು ಮುಂದಕ್ಕೆ ಹೋದಾಗ ಬೆರಳಿಟ್ಟು ತೋರಿಸಿದರು. "ನೋಡು, ಖಾಲಿ ಬಿಟ್ಟೆ. ಒಂದು ಕಾಲಂ ಖಾಲಿ ಇದ್ರೂ ನಾನು ಶೀಟಿಗೆ ಸೈನ್ ಹಾಕ್ತಿರ್ಲಿಲ್ಲ. ಸರ್ವಿಸ್ ಪೂರ್ತಿ. ಒಂದು ಸಲಾನೂ ಇಲ್ಲ."

ಎರಡನೆಯ ಭಾಗಕ್ಕೆ ಹೋದದ್ದು ಅಕ್ಟೋಬರ್ ಕೊನೆಯ ವಾರ, ಮಂಗಳವಾರ. ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟವಳಿಗೆ ಏನೋ ತಪ್ಪಿದೆ ಅನ್ನಿಸಿತು, ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಚೀಟಿಗಳಿರಲಿಲ್ಲ. ಬಾಗಿಲ ಮೇಲೆ, ಬೀರುವಿನ ಮೇಲೆ, ಅವು ಇದ್ದ ಕಡೆಯೆಲ್ಲ ಸುತ್ತಲಿಗಿಂತ ತುಸು ತಿಳಿಯಾದ ಚೌಕಗಳು ಉಳಿದಿದ್ದವು. ಹಜಾರದಲ್ಲಿ ಅವರ ಹೆಂಡತಿ ಕನ್ನಡಿಯ ಮುಂದೆ ನಿಂತು ಅದರೊಳಗಿದ್ದವರಿಗೆ ಬಹಳ ಮರ್ಯಾದೆಯಿಂದ, "ಬನ್ನಿ, ಯಾಕೆ ನಿಂತೇ ಇದೀರಿ, ಕೂತ್ಕೊಳಿ," ಎನ್ನುತ್ತಿದ್ದರು. ಕನ್ನಡಿಯೊಳಗಿನಾಕೆ ಕೂರದೇ ಇದ್ದದ್ದು ನೋಡಿ ಮತ್ತೆ ಕರೆದರು.

"ಚೀಟಿಗಳೆಲ್ಲ ಎಲ್ಲಿ, ಅಂಕಲ್?"

"ತೆಗ್ದೆ. ಇನ್ನು ಬೇಕಾಗಲ್ಲ."

ಆಂಟಿಗೆ ಓದುವುದೂ ಮರೆತುಹೋಗಿರಬೇಕು ಎಂದುಕೊಂಡು ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದೆ. ಪ್ರತಿ ಭೇಟಿಯಲ್ಲೂ ಕಂಡದ್ದನ್ನು ಬರೆಯುವುದು ನಿಯಮ. ಅದರ ಕೆಳಗೆ ಇನ್ನೆರಡು ಸಾಲು ಬರೆದೆ. ಹೆಂಡತಿಯ ಎಡಗೈಗೆ ಪ್ಲಾಸ್ಟರ್, ಹೋದ ಬುಧವಾರ ಬಚ್ಚಲಲ್ಲಿ ಬಿದ್ದರಂತೆ, ಆರು ವಾರ ಇರಬೇಕು. ಮೈಮೇಲೆ ನೀಲಿ ಸ್ವೆಟರ್, ಕೈ ತೂರದೆ ಎಡತೋಳು ಖಾಲಿ ನೇತಾಡುತ್ತಿದೆ.

ಸಂದರ್ಶನ ಒಂದೂವರೆ ಗಂಟೆ ನಡೆಯಿತು. ಮತ್ತೆ ಬದುಕುವ ಅವಕಾಶ ಸಿಕ್ಕರೆ ಏನು ಬದಲಾಯಿಸುತ್ತೀರಿ ಎಂದೆ. "ಏನೂ ಇಲ್ಲ. ಒಂದು ಬೋಲ್ಟೂ ಬದಲಾಯಿಸಲ್ಲ," ಎಂದರು. ಯಾರ ಮೇಲಾದರೂ ಬೇಸರವಿದೆಯೇ ಎಂದೆ. ಇಲ್ಲ. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ಈ ಪುಸ್ತಕದ ಮುಂದಿನ ಅಧ್ಯಾಯ ಹೇಗಿರಬಹುದು?

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಪಾಸಣೆಯ ವರದಿ ಓದುವವರ ಧ್ವನಿಯಲ್ಲಿ ಶುರುಮಾಡಿದರು.

"ಭಾನುವಾರ ಬೆಳಗ್ಗೆ ಗಡಿಯಾರ ಒಂದು ಗಂಟೆ ಹಿಂದಕ್ಕಿಟ್ಟೆ. ಟೈಮ್ ಸಿಕ್ತು. ಅವಳಿಗೆ ಸ್ನಾನ ಮಾಡಿಸ್ದೆ. ತಲೆ ಬಾಚ್ದೆ. ನೀಲಿ ಸ್ವೆಟರ್ ಹಾಕ್ದೆ. ಪ್ಲಾಸ್ಟರ್ ಕೈ ತೋಳಲ್ಲಿ ಹೋಗ್ಲಿಲ್ಲ, ಕತ್ತರೀಲಿ ತೋಳು ಕತ್ತರಿಸ್ದೆ, ಚಳಿ ಆಗ್ಬಾರ್ದಲ್ಲ. ತಿಂಡಿ ಆಯ್ತು. ಪಾತ್ರೆ ತೊಳ್ದಿಟ್ಟೆ. ಬೀಗ ಹಾಕಿ ಕೀಲಿ ಪಕ್ಕದ ಮನೆಯೋರ ಪೋಸ್ಟ್ ಡಬ್ಬಕ್ಕೆ ಹಾಕ್ದೆ. ಕೆರೆ ಹತ್ರ ಹೋದ್ವಿ. ಮಂಜು ಇತ್ತು, ಆಚೆ ದಡ ಕಾಣ್ತಿರ್ಲಿಲ್ಲ. ಬೆಂಚ್ ಮೇಲೆ ಕೂತ್ವಿ..."

ಹೀಗೆ ಹನ್ನೊಂದು ನಿಮಿಷ. ಬೆಂಚಿನ ಬಣ್ಣ, ದಡದ ಕಲ್ಲು, ಅವಳು ಕೇಳಿದ್ದು, ತಾನು ಹೇಳಿದ್ದು. ನಾನು ನಡುವೆ ಎಲ್ಲೋ "ಹೂಂ" ಎಂದೆ. ಕೊನೆಗೆ "ಆಮೇಲೆ ಎದ್ವಿ. ಮುಗೀತು," ಎಂದು ಕನ್ನಡಕ ಹಾಕಿಕೊಂಡರು. ಈ ಅಧ್ಯಾಯಕ್ಕೆ ಹೆಸರು ಕೇಳಬೇಕಿತ್ತು. ನನ್ನ ರೈಲಿಗೆ ತಡವಾಗುತ್ತಿತ್ತು, ಮರೆತೆ.

ವಯಸ್ಸಾದವರು ಮುಂದಿನದನ್ನು ಕೇಳಿದರೆ ಹಿಂದಿನದಕ್ಕೆ ಜಾರುವುದು ನಮಗೆ ಹೊಸದಲ್ಲ. ಇಲ್ಲಿ ಪ್ರತಿ ವರ್ಷ ಅಕ್ಟೋಬರಿನ ಕೊನೆಯ ಭಾನುವಾರ ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಹೋದ ವರ್ಷದ ಆ ಭಾನುವಾರದ ಒಂದು ವಿಹಾರವನ್ನು ನೆನೆಸಿಕೊಂಡರು ಎಂದೇ ನಾನು ತಿಳಿದೆ. ಬುಧವಾರ, ಗುರುವಾರ ಕುಳಿತು ಜರ್ಮನ್‌ಗೆ ಅನುವಾದಿಸಿದೆ. ನಮ್ಮ ಕೈಪಿಡಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಕ್ರಿಯಾಪದದ ಕಾಲವನ್ನು ಬದಲಿಸಬಾರದು. ಭೂತಕಾಲ ಎಷ್ಟು, ಭವಿಷ್ಯ ಎಷ್ಟು ಎಂದು ಎಣಿಸುತ್ತೇವೆ. ನಾನು ಒಂದೂ ಬದಲಿಸಲಿಲ್ಲ. ಹೋದ್ವಿ, ಕೂತ್ವಿ, ಎದ್ವಿ, ಎಲ್ಲವೂ ಜರ್ಮನ್‌ನ ಅಚ್ಚುಕಟ್ಟಾದ ಭೂತಕಾಲದಲ್ಲಿ ಕೂತವು.

ಶುಕ್ರವಾರದ ಸಭೆಯಲ್ಲಿ ಅಂಕ ಹಾಕುವ ಜರ್ಮನ್ ಸಹೋದ್ಯೋಗಿ ಸುಸಂಗತತೆಗೆ ಐದಕ್ಕೆ ಐದು ಕೊಟ್ಟ, ಮುಕ್ತಾಯದ ಭಾವಕ್ಕೆ ಐದಕ್ಕೆ ಐದು. ಬಿಡಿ ಎಳೆ ಒಂದೂ ಇಲ್ಲ ಎಂದ. ಪ್ರೊಫೆಸರ್ ಹಾಳೆಗಳನ್ನು ತಿರುವಿ, "ಪಠ್ಯಪುಸ್ತಕದಲ್ಲಿ ಬರೆದಂಥ ಮುಪ್ಪು ಇದು, ಸಿಗುವುದು ಅಪರೂಪ," ಎಂದರು. ನನಗೆ ಹೆಮ್ಮೆಯಾಯಿತು. ಈ ವಾಕ್ಯವನ್ನು ಬರೆಯಲು ಬಹಳ ಹೊತ್ತು ಬೇಕಾಯಿತು, ಆದರೆ ಆದದ್ದು ಅದೇ.

ಭಾನುವಾರ ಬೆಳಿಗ್ಗೆ ಎದ್ದಾಗ ಫೋನ್ ತಾನೇ ಸಮಯ ಸರಿಪಡಿಸಿಕೊಂಡಿತ್ತು. ಒಲೆಯ ಮೇಲಿನ ಗಡಿಯಾರ ಹಾಗಲ್ಲ, ಗುಂಡಿ ಒತ್ತಿ ಹಿಡಿದು ಹಿಂದಕ್ಕೆ ತರಬೇಕು. ಎಂಟೂ ಹತ್ತು ಇದ್ದದ್ದನ್ನು ಏಳೂ ಹತ್ತು ಮಾಡಿದೆ. ಹಾಲು ಒಲೆಯ ಮೇಲಿತ್ತು. ಟೈಮ್ ಸಿಕ್ತು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನ್ನ ಧ್ವನಿಯಲ್ಲಲ್ಲ, ಅವರ ಧ್ವನಿಯಲ್ಲಿ.

ಗುಂಡಿಯ ಮೇಲೆ ಬೆರಳಿದ್ದ ಹಾಗೇ ನಿಂತೆ. ಭಾನುವಾರ ಬೆಳಗ್ಗೆ ಗಡಿಯಾರ ಹಿಂದಕ್ಕಿಟ್ಟೆ. ಪ್ಲಾಸ್ಟರ್ ಕೈ ತೋಳಲ್ಲಿ ಹೋಗ್ಲಿಲ್ಲ. ಪ್ಲಾಸ್ಟರ್ ಹಾಕಿದ್ದು ಬರೀ ಹನ್ನೊಂದು ದಿನದ ಹಿಂದೆ, ನಾನು ಹೋಗುವ ಹಿಂದಿನ ವಾರ. ಹೋದ ವರ್ಷದ ಯಾವ ಭಾನುವಾರದಲ್ಲೂ ಅದು ಇರಲು ಸಾಧ್ಯವಿಲ್ಲ. ಟಿಪ್ಪಣಿ ಪುಸ್ತಕ ತೆಗೆದೆ. ನೀಲಿ ಸ್ವೆಟರ್, ಎಡತೋಳು ಖಾಲಿ ನೇತಾಡುತ್ತಿದೆ. ನೇತಾಡುತ್ತಿದೆ ಎಂದರೆ ಮಂಗಳವಾರ ಅದನ್ನು ಯಾರೂ ಕತ್ತರಿಸಿರಲಿಲ್ಲ.

ನಮ್ಮ ಮನೆಗಳಲ್ಲಿ ಒಳಗಿನಿಂದ ಯಾರಾದರೂ ಕೂಗಿದರೆ "ಬಂದೆ" ಎನ್ನುತ್ತೇವೆ. ಆಗ ಕುರ್ಚಿಯಿಂದ ಎದ್ದೂ ಇರುವುದಿಲ್ಲ. ಚಪ್ಪಲಿ ಹುಡುಕುತ್ತಲೇ ಫೋನಿನಲ್ಲಿ "ಹೊರಟೆ" ಎನ್ನುತ್ತೇವೆ. ಆಗಿಯೇ ತೀರುವುದನ್ನು ಆಗಿಹೋಯಿತು ಎಂದುಬಿಡುವುದು ನಮ್ಮ ಬಾಯಿಗೆ ಎಷ್ಟು ರೂಢಿ ಎಂದರೆ ಅದು ತಪ್ಪು ಕಾಲ ಎಂದು ಯಾರಿಗೂ ಅನ್ನಿಸುವುದಿಲ್ಲ. ಒಂದು ಪದ, ಒಂದು ಸಾಲು ಹಾಗೆ ಹೇಳುವುದು ಸಹಜ. ಹನ್ನೊಂದು ನಿಮಿಷ ಯಾರೂ ಹೇಳುವುದಿಲ್ಲ. ಹಾಗೆ ಹೇಳಬೇಕಾದರೆ ಅದನ್ನು ಎಷ್ಟೋ ಸಲ ತನ್ನೊಳಗೇ ಮಾಡಿ ಮುಗಿಸಿರಬೇಕು. ಬಿಡಿ ಎಳೆ ಒಂದೂ ಇಲ್ಲದ್ದು ಅದಕ್ಕೇ. ಆ ಕಥೆ ಸುಸಂಗತವಾಗಿದ್ದದ್ದು ಅವರು ಬದುಕನ್ನು ಒಪ್ಪಿಕೊಂಡಿದ್ದರಿಂದಲ್ಲ, ಅದರ ಕೊನೆಯ ಪುಟವನ್ನು ಬರೆದಿಟ್ಟಿದ್ದರಿಂದ. ಹೆಂಡತಿಯ ಪುಟವನ್ನೂ ಸೇರಿಸಿ. ಆಕೆಯನ್ನು ಯಾರೂ ಕೇಳಿರಲಿಲ್ಲ.

ಹಾಲು ಉಕ್ಕಿತು. ಒಲೆ ಆರಿಸಿ ಪ್ರೊಫೆಸರಿಗೆ ಫೋನ್ ಮಾಡಿದೆ. ನಿಯಮದ ಪ್ರಕಾರ ಮೊದಲು ಅವರಿಗೇ ಹೇಳಬೇಕು. ನಿದ್ದೆಯಿಂದ ಎದ್ದವರು ಪೂರ್ತಿ ಕೇಳಿಸಿಕೊಂಡರು.

"ಆದರೆ ಅದು ಭೂತಕಾಲದಲ್ಲಿದೆಯಲ್ಲ," ಎಂದರು.

"ನಮ್ಮ ಭಾಷೆಯಲ್ಲಿ ಈಗಲೇ ಹೊರಡುವವರು ಹೊರಟೆ ಎನ್ನುತ್ತಾರೆ. ನಾನು ಕಾಲವನ್ನು ಅನುವಾದಿಸಿದೆ, ಮಾತನ್ನು ಅನುವಾದಿಸಲಿಲ್ಲ."

"ನಿನಗೆ ಖಚಿತವೇ?"

"ಇಲ್ಲ."

ಪಾಲ್ಗೊಂಡವರ ಗುಟ್ಟನ್ನು ಕಾಯುತ್ತೇವೆ ಎಂದು ನಾವು ಸಹಿ ಹಾಕಿಕೊಟ್ಟಿದ್ದೆವು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಆ ಮಾತು ನಮ್ಮನ್ನು ಕಟ್ಟಿಹಾಕುವುದಿಲ್ಲ. ನನ್ನ ಊಹೆ ತಪ್ಪಾಗಿದ್ದರೆ, ಭಾನುವಾರದ ತಿಂಡಿಯ ಹೊತ್ತಿಗೆ ಒಬ್ಬ ಮುದುಕರ ಮನೆಗೆ ಪೊಲೀಸರನ್ನು ನುಗ್ಗಿಸಿದಂತಾಗುತ್ತಿತ್ತು. ಸರಿಯಿದ್ದರೆ ಗಡಿಯಾರ ಓಡುತ್ತಿತ್ತು.

"ನನ್ನ ಊಹೆ ತಪ್ಪಾಗಿದ್ದರೆ ಆಮೇಲೆ ಕ್ಷಮೆ ಕೇಳೋಣ," ಎಂದೆ. "ವಿಳಾಸ ಕಡತದಲ್ಲಿದೆ."

"ಪೊಲೀಸರಿಗೆ ನಾನು ಹೇಳುತ್ತೇನೆ," ಎಂದರು ಅವರು. "ನೀನು ಆ ಹಿರಿಯರ ಜೊತೆ ಮಾತಾಡು. ನಿನ್ನ ಭಾಷೆಯಲ್ಲಿ. ಫೋನ್ ಇಡಲು ಬಿಡಬೇಡ."

ಒಂಬತ್ತನೆಯ ರಿಂಗಿಗೆ ಹಿರಿಯರು ಫೋನ್ ಎತ್ತಿಕೊಂಡರು.

"ಅಂಕಲ್, ನಾನು, ಕಲೋನ್‌ನಿಂದ."

"ಏನಮ್ಮ ಭಾನುವಾರ ಬೆಳಗ್ಗೆ." ಧ್ವನಿಯಲ್ಲಿ ಏನೂ ಇರಲಿಲ್ಲ. ಹಿಂದೆ ಪಾತ್ರೆಯ ಸದ್ದು. "ನಾವು ಹೊರಟ್ವಿ ಕಣಮ್ಮ. ಏನಿದ್ರೂ ಆಮೇಲೆ."

ನೆಲದ ಮೇಲೆ ಕುಳಿತೆ. ಕೆರೆ ಎಂಬ ಮಾತು ನನ್ನ ಬಾಯಿಂದ ಬಂದರೆ ಅವರು ಫೋನ್ ಇಟ್ಟುಬಿಡುತ್ತಾರೆ ಅನ್ನಿಸಿತು. ಕೈಗೆ ಸಿಕ್ಕಿದ್ದು ಕೆಲಸದ ಮಾತು.

"ನನ್ನಿಂದ ಒಂದು ತಪ್ಪಾಗಿದೆ, ಅಂಕಲ್. ನಿಮ್ಮ ಶೀಟಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದೀನಿ."

"ಯಾವ ಕಾಲಂ?"

"ಕೊನೇ ಅಧ್ಯಾಯಕ್ಕೆ ನೀವು ಹೆಸರೇ ಇಡ್ಲಿಲ್ಲ. ಏಳಕ್ಕಿದೆ, ಎಂಟನೇದಕ್ಕಿಲ್ಲ."

"ನೀನೇ ಏನಾದ್ರೂ ಬರ್ಕೊ."

"ನಾನು ಬರೆದ್ರೆ ಅದು ನಿಮ್ಮ ಶೀಟ್ ಹೆಂಗಾಗತ್ತೆ? ಖಾಲಿ ಇದ್ರೆ ಪೂರ್ತಿ ಸಂದರ್ಶನ ತೆಗೆದು ಪಕ್ಕಕ್ಕೆ ಹಾಕ್ತಾರೆ."

ಇದು ಸುಳ್ಳು. ಅವರು ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

"ವಿಹಾರ ಅಂತ ಬರಿ."

"ವಿಹಾರ ಅಂದ್ರೆ ವಾಪಸ್ ಬರೋದು ಅಂಕಲ್. ನೀವು ಹೇಳಿದ್ರಲ್ಲಿ ವಾಪಸ್ ಬಂದಿದ್ದು ಇಲ್ಲ."

ಅವರ ಉಸಿರು ಕೇಳುತ್ತಿತ್ತು, ದೂರದಲ್ಲಿ ಆಂಟಿ ಏನೋ ಗುನುಗುತ್ತಿದ್ದದ್ದೂ.

"ಚೆನ್ನಾಗಿ ಕೇಳಿಸ್ಕೊಂಡಿದೀಯ," ಎಂದರು ಕೊನೆಗೆ.

"ತಡವಾಗಿ ಕೇಳಿಸ್ಕೊಂಡೆ."

"ನಿಂಗೇನೂ ಗೊತ್ತಿಲ್ಲ ಮಗು. ಜನವರೀಲಿ ನನ್ನ ಹಾರ್ಟ್ ತೆರೀತಾರಂತೆ. ನಾನು ಮೇಜಿನ ಮೇಲಿಂದ ಏಳ್ಳಿಲ್ಲ ಅನ್ಕೋ. ಅವಳನ್ನ ಮುದುಕರ ಹೋಮಿಗೆ ಹಾಕ್ತಾರೆ. ಅಲ್ಲಿ ಇವಳು ನೀರು ಅಂದ್ರೆ ಯಾರಿಗೆ ಗೊತ್ತಾಗತ್ತೆ? ನೋವು ಅಂದ್ರೆ? ಇವಳು ಯಾರು ಅಂತ ಇವಳಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಂಗೊಬ್ಬನಿಗೆ ಗೊತ್ತು. ನಾನು ಹೋದ್ರೆ ಇವಳು ಇದ್ದದ್ದೇ ಸುಳ್ಳಾಗತ್ತೆ."

ಪ್ರಶ್ನೆ ಕೇಳುವುದು ನನಗೆ ಗೊತ್ತಿರುವ ಕೆಲಸ. ಹಾಸ್ಟೆಲಿನಲ್ಲಿ ಆಂಟಿಯ ರೂಮ್ ನಂಬರ್ ಏನಿತ್ತು ಎಂದೆ. ಹದಿನೈದು. ಅವರು ಮೊದಲು ನಿಮ್ಮನ್ನು ಏನೆಂದು ಕರೆದರು ಎಂದೆ. ಮೊದಮೊದಲು ಏನೂ ಕರೆಯುತ್ತಿರಲಿಲ್ಲ, ಕೆಮ್ಮುತ್ತಿದ್ದಳು ಎಂದರು. ಹಾಗೆ ಒಂದೊಂದೇ. ಒಂದಕ್ಕೆ ಉತ್ತರ ಬರುವ ಮೊದಲೇ ಮುಂದಿನದನ್ನು ಹುಡುಕುತ್ತಿದ್ದೆ. ನಡುವೆ ಎರಡು ಸಲ "ಸಾಕು, ಇಡ್ತೀನಿ" ಎಂದರು. ಎರಡು ಸಲವೂ "ಕಾಲಂ ಖಾಲಿ ಇದೆ ಅಂಕಲ್" ಎಂದೆ. ಇಪ್ಪತ್ತಾರು ನಿಮಿಷ. ಒಲೆಯ ಗಡಿಯಾರದಲ್ಲಿ ಒಂದೊಂದೂ ನೋಡಿದೆ.

ಆಮೇಲೆ ಅವರ ಬಾಗಿಲ ಗಂಟೆ ಕೇಳಿಸಿತು.

"ಯಾರೋ ಬಂದ್ರು," ಎಂದರು. ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಬಾಗಿಲು, ಜರ್ಮನ್‌ನಲ್ಲಿ ಒಬ್ಬ ಹೆಂಗಸಿನ ಮೆಲುದನಿ, ಒಬ್ಬ ಗಂಡಸಿನದು. ಬೂಟುಗಳು. ಆಂಟಿಯ ಗುನುಗು ನಿಂತಿತು. ನಂತರ ಫೋನ್ ಮತ್ತೆ ಅವರ ಕೈಗೆ ಬಂತು.

"ನೀನಾ ಕಳ್ಸಿದ್ದು?"

"ಹೌದು ಅಂಕಲ್."

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಯೂನಿಫಾರ್ಮ್ ನೋಡಿ ಹೆದರ್ಕೊಂಡಿದಾಳೆ," ಎಂದರು. "ನನ್ನ ಕೈ ಬಿಡಿಸ್ಕೊಂಡು ನಿಂತಿದಾಳೆ. ನೀನು ಹೇಳು."

ಫೋನ್ ಕಿವಿ ಬದಲಾಯಿಸಿತು.

"ಯಾರೇ ಅದು? ಹದಿನಾಲ್ಕನೇ ರೂಮಾ? ನೋಡೇ, ಯಾರೋ ಇಬ್ರು ಬಂದಿದಾರೆ. ಆ ಕನ್ನಡಕದೋರನ್ನ ಕರ್ಕೊಂಡು ಹೋಗ್ತಾರಂತಾ?"

"ನಿಮ್ಮನ್ನ ನೋಡೋಕೆ ಬಂದಿದಾರೆ, ಆಂಟಿ. ಒಳ್ಳೆಯೋರು. ನಾನು ಕಳಿಸಿದ್ದು."

"ಹಂಗಾ. ಮೊದ್ಲೇ ಹೇಳ್ಬಾರ್ದಾ, ಹಾಲೇ ಇಲ್ಲ." ಫೋನಿನಾಚೆ ತಿರುಗಿ ಪೊಲೀಸರಿಗೆ ಕನ್ನಡದಲ್ಲಿ, "ಕೂತ್ಕೊಳಿ, ಕೂತ್ಕೊಳಿ," ಎಂದರು.

ಆಂಟಿ ತೊಟ್ಟಿದ್ದ ಸ್ವೆಟರಿನ ತೋಳನ್ನು ಅಷ್ಟು ಹೊತ್ತಿಗೆ ಕತ್ತರಿಸಿ ಆಗಿತ್ತು ಎಂದು ಪ್ರೊಫೆಸರಿಂದ ಆಮೇಲೆ ತಿಳಿಯಿತು. ಮನೆಯ ಕೀಲಿ ಇಟ್ಟ ಲಕೋಟೆಯ ಮೇಲೆ ಪಕ್ಕದ ಮನೆಯವರ ಹೆಸರನ್ನೂ ಬರೆದಿದ್ದರು. ನಾನು ಅದನ್ನು ನೋಡಿಲ್ಲ, ಆದರೂ ಆ ನೇರ ಅಕ್ಷರಗಳು ನನಗೆ ಕಾಣುತ್ತವೆ.

ಹಿರಿಯರನ್ನು ಮನೋವೈದ್ಯರ ಕ್ಲಿನಿಕ್‌ಗೆ, ಆಂಟಿಯನ್ನು ಒಂದು ಹೋಮಿಗೆ ಸೇರಿಸಿದರು. ಅವರು ಯಾವುದಕ್ಕೆ ಹೆದರಿದ್ದರೋ ಅದನ್ನೇ ನಾನು ಮೂರು ತಿಂಗಳು ಮೊದಲು ತಂದುಕೊಟ್ಟಿದ್ದೆ. ಹತ್ತು ದಿನದ ನಂತರ ಒಂದು ಪತ್ರ ಬಂತು. ಒಪ್ಪಿಗೆ ಹಿಂದಕ್ಕೆ ಪಡೆದಿದ್ದೇನೆ, ಎಲ್ಲ ಅಳಿಸಿ. ಅಳಿಸಿದೆವು. ಮುಕ್ತಾಯದ ಭಾವಕ್ಕೆ ಕೊಟ್ಟ ಐದೂ ಹೋಯಿತು. ಆ ಅಳತೆಗೋಲು ಏನನ್ನು ಅಳೆಯುತ್ತದೆ ಎಂದು ಪ್ರೊಫೆಸರ್ ಈಗ ನಮ್ಮನ್ನೂ ತಮ್ಮನ್ನೂ ಕೇಳಿಕೊಳ್ಳುತ್ತಿದ್ದಾರೆ. ನಾನು ಮಾತ್ರ ಯಾರಾದರೂ ತಮ್ಮ ಬದುಕನ್ನು ತಡವರಿಸದೆ ಹೇಳಿ ಮುಗಿಸಿದರೆ ರೆಕಾರ್ಡರ್ ಆರಿಸುವುದಿಲ್ಲ. ಬರುವ ಗುರುವಾರ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು, ಆ ಪೀಡೆ ಬೇರೆ ಇದೆ, ಎಂದು ಒಬ್ಬ ಅಜ್ಜಿ ರೇಗಿದಾಗ ನನಗೆ ಕಣ್ಣೀರು ಬಂತು. ಆಕೆಗೆ ಗಾಬರಿಯಾಯಿತು.

ಡಿಸೆಂಬರಿನಲ್ಲಿ ಹಿರಿಯರ ಫೋನ್.

"ಕೋಪ ಹೋಗಿದೆ ಅನ್ಕೋಬೇಡ. ಒಂದು ಸ್ಪೆಲ್ಲಿಂಗ್ ನೋಡ್ಬೇಕು, ಬಾ."

ಹೋದೆ. ಕ್ಲಿನಿಕ್‌ನಿಂದ ಬಂದಮೇಲೆ ಅವರು ದಿನವೂ ಹತ್ತು ಗಂಟೆಗೆ ಆ ಹೋಮಿಗೆ ಹೋಗಿ ಸಂಜೆಯವರೆಗೆ ಇರುತ್ತಿದ್ದರು. ಕಾರಿಡಾರಿನಲ್ಲಿ ನನ್ನನ್ನು ಕೂರಿಸಿ ಒಂದು ಹಾಳೆ ಕೊಟ್ಟರು. ನರ್ಸ್‌ಗಳಿಗಾಗಿ ಕನ್ನಡದ ಮಾತುಗಳು, ಜರ್ಮನ್ ಲಿಪಿಯಲ್ಲಿ, ಎದುರಿಗೆ ಅರ್ಥ. ನೀರು. ಸಾಕು. ನೋವು. ಚಳಿ. ಬನ್ನಿ. "ಬಾ ಅಂ‌ತ ಯಾರೂ ಅನ್ನಬಾರದು ಅವಳಿಗೆ," ಎಂದರು. ಕೊನೆಯ ಸಾಲು ಅವರು ಬಂದಾಗ ನರ್ಸ್ ಹೇಳಬೇಕಾದದ್ದು. "ನಿಮ್ಮ ಯಜಮಾನರು ಬಂದಿದಾರೆ" ಎಂದು ಬರೆದು ಅದಕ್ಕೆ ಅಡ್ಡಗೆರೆ ಎಳೆದಿದ್ದರು. ಮೇಲೆ ಸಣ್ಣದಾಗಿ ಬರೆದಿತ್ತು: ಒಬ್ಬರು ಬಂದಿದಾರೆ.

"ಯಜಮಾನರು ಅಂದ್ರೆ ಗಾಬರಿ ಆಗ್ತಾಳೆ. ನಂಗೆ ಮದುವೆ ಯಾವಾಗ ಆಯ್ತು ಅಂತ ಅಳ್ತಾಳೆ," ಎಂದರು. "ಒಬ್ಬರು ಅಂದ್ರೆ, ಬರ್ಲಿ ಪಾಪ, ಅಂತಾಳೆ."

ನಾನು ಎರಡು ಕಡೆ ಅಕ್ಷರ ತಿದ್ದಿದೆ. ನರ್ಸ್ ಬಂದರು, ಐವತ್ತರ ಆಸುಪಾಸಿನ ದಪ್ಪ ಹೆಂಗಸು, ಕನ್ನಡಕ ಏರಿಸಿ ಕೊನೆಯ ಸಾಲನ್ನು ಜೋರಾಗಿ ಓದಿದರು. "ಒಬ್ಬರು ಬಂಡಿಡಾರೆ."

"ಹಾಗಲ್ಲ. ನಾಲಗೆ ಹಲ್ಲಿಗೆ ತಾಗಬೇಕು," ಎಂದು ಹಿರಿಯರು ಜರ್ಮನ್‌ನಲ್ಲಿ ಹೇಳಿ ತಮ್ಮ ಹಲ್ಲನ್ನು ತೋರಿಸಿದರು.

ಇನ್ನೊಮ್ಮೆ ಓದಿದರು. ಸರಿ ಹೋಗಲಿಲ್ಲ. ಮೂರನೆಯ ಸಲವೂ ಇಲ್ಲ. ಹಿರಿಯರು ಹಾಳೆಯನ್ನು ವಾಪಸ್ ತೆಗೆದುಕೊಂಡು, ಆ ಸಾಲಿನ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಚಿಹ್ನೆ ಹಾಕಿ, ಸಹಿ ಹಾಕದೆ ಮಡಿಸಿದರು.

"ಇನ್ನೂ ಪಾಸ್ ಆಗಿಲ್ಲ," ಎಂದರು ನರ್ಸ್‌ಗೆ. "ನಾಳೆ ಹತ್ತು ಗಂಟೆಗೆ ಮತ್ತೆ ಹೇಳಿಸುತ್ತೇನೆ."